ಕಲಿಯುವವನ ಕೈಗೂ ತಕ್ಕಡಿ ಬೇಕು

ಕಳೆದ ವಾರ ಮೊದಲನೆಯ ಪಾಳಿ ಬಿಟ್ಟ ಹೊತ್ತಿನಲ್ಲಿ ಗಿರಣಿ ಕಾರ್ಮಿಕರೊಬ್ಬರು ನಮ್ಮ ಕಚೇರಿಗೆ ಬಂದರು. ತುಟ್ಟಿಭತ್ಯದ ವಿಚಾರವೋ ಬೋನಸ್ಸಿನ ವಿಚಾರವೋ ಇರಬೇಕೆಂದು ನಾವು ಎಣಿಸಿದೆವು. ಅದೊಂದೂ ಅಲ್ಲ. ಅಂಗಿಯ ಜೇಬಿನಿಂದ ಅವರು ತೆಗೆದದ್ದು ಬಣ್ಣದ ಒಂದು ಕರಪತ್ರ, ಅದರೊಳಗೆ ಮಡಿಸಿಟ್ಟ ಸಾಲದ ಕಂತಿನ ಚೀಟಿ. ‘ಆರು ತಿಂಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್, ನೌಕರಿ ಖಾತರಿ’ ಎಂದು ಕರಪತ್ರದ ಮೇಲೆ ದಪ್ಪಕ್ಷರ. ಮಗ ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಾನೆ. ಮನೆಯಾಕೆಯ ಸರ ಒತ್ತೆಯಿಟ್ಟು ಮೊದಲ ಹಣ ಕಟ್ಟಿದ್ದಾರೆ; ಉಳಿದುದು ತಿಂಗಳ ಕಂತು. ನಾಲ್ಕು ತಿಂಗಳಿಂದ ಹುಡುಗ ರಾತ್ರಿ ಹನ್ನೆರಡರ ತನಕ ಮೊಬೈಲಿನಲ್ಲಿ ಪಾಠ ನೋಡುತ್ತಾನೆ. ಕಲಿತನೋ ಇಲ್ಲವೋ ತಂದೆಗೆ ತಿಳಿಯದು, ಹುಡುಗನಿಗೂ ತಿಳಿಯದು. ‘ನೂಲು ಕೈಗೆ ಸಿಕ್ಕರೆ ಗಟ್ಟಿಯೋ ಜಾಳೋ ಕಣ್ಣು ಮುಚ್ಚಿ ಹೇಳ್ತೀನಿ ಸ್ವಾಮಿ. ಈ ಪಾಠ ಗಟ್ಟಿಯೋ ಜಾಳೋ ಹೆಂಗೆ ಹೇಳೋದು? ಯಾರನ್ನ ಕೇಳೋದು?’ ಎಂದು ಅವರು ಕೇಳಿದರು.

ಆ ಗಳಿಗೆಯಲ್ಲಿ ನಮ್ಮ ಬಳಿ ಉತ್ತರವಿರಲಿಲ್ಲ. ಬಲ್ಲವರನ್ನು ಕೇಳಿ, ಓದಿ, ಯೋಚಿಸಿ ಈಗ ಬರೆಯುತ್ತಿದ್ದೇವೆ. ಆ ಪ್ರಶ್ನೆ ಅವರೊಬ್ಬರದಲ್ಲ. ಗಿರಣಿ ಕೇರಿಯಲ್ಲಿ, ಪೇಟೆಬೀದಿಯಲ್ಲಿ, ಮಕ್ಕಳು ಮೊಬೈಲ್ ಹಿಡಿದು ‘ಕೋಡಿಂಗ್ ಕಲಿಯುತ್ತಿದ್ದೇನೆ’ ಎನ್ನುವ ಮನೆಗಳು ಈಗ ಎಷ್ಟೋ ಇವೆ. ತಂದೆತಾಯಿಯರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಹಣ ಅದಕ್ಕೆ ಹೋಗುತ್ತಿದೆ. ಆದುದರಿಂದ ಇದು ಓದಿದವರ ಮನೆಯ ವಿಚಾರ, ನಮಗೇಕೆ ಎಂದು ಸುಮ್ಮನಿರುವಂತಿಲ್ಲ.

ಪ್ರೋಗ್ರಾಮ್ ಎಂದರೇನು? ಯಂತ್ರವು ಒಂದಾದಮೇಲೊಂದು ಮಾಡಬೇಕಾದ ಕೆಲಸವನ್ನು ಅದಕ್ಕೆ ತಿಳಿಯುವಂತೆ ಬರೆದಿಟ್ಟ ಆಜ್ಞೆಗಳ ಪಟ್ಟಿ, ಅಷ್ಟೆ. ನೆಯ್ಗೆಯವರಿಗೆ ಇದು ಹೊಸದಲ್ಲ. ೧೮೦೪ರಲ್ಲಿ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಎಂಬಾತ ಮಗ್ಗಕ್ಕೆ ತೂತು ಕೊರೆದ ರಟ್ಟಿನ ಪಟ್ಟಿಗಳನ್ನು ಹೊಂದಿಸಿದ. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಏಳುವುದಿಲ್ಲ. ರಟ್ಟು ಬದಲಿಸಿದರೆ ಸೀರೆಯ ಅಂಚಿನ ಹೂವು ಬದಲಾಗುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಲೆಕ್ಕದ ದೊಡ್ಡ ಯಂತ್ರವೊಂದನ್ನು ಕಲ್ಪಿಸಿದಾಗ ಅದಕ್ಕೆ ಅಪ್ಪಣೆ ಕೊಡುವ ಬಗೆಯನ್ನು ಈ ಮಗ್ಗದಿಂದಲೇ ತೆಗೆದುಕೊಂಡ. ಆ ಯಂತ್ರವನ್ನು ಕುರಿತು ೧೮೪೩ರಲ್ಲಿ ಬರೆದ ಏಡಾ ಲವ್‌ಲೇಸ್ ಎಂಬಾಕೆ ಅದನ್ನು ಜಕಾರ್ಡ್ ಮಗ್ಗಕ್ಕೆ ಹೋಲಿಸಿದಳು. ಮಗ್ಗದಿಂದ ಹೊರಟ ವಿದ್ಯೆ ಮಗ್ಗದವರ ಮಕ್ಕಳಿಗೆ ದೂರದ್ದು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ವಿದ್ಯೆ ಸಿಗದೆ ನಮ್ಮ ಮಕ್ಕಳು ಒದ್ದಾಡುತ್ತಿದ್ದಾರೆಯೆ? ಇಲ್ಲ. ಬೇಕಾದಷ್ಟು ಸಿಗುತ್ತದೆ, ಅದೂ ಬಿಟ್ಟಿಯಾಗಿ. ಇಂಟರ್‌ನೆಟ್ಟಿನ ಮೇಲೆ ನಡೆಯುವ ವರ್ಲ್ಡ್ ವೈಡ್ ವೆಬ್ಬನ್ನು ಟಿಮ್ ಬರ್ನರ್ಸ್-ಲೀ ಕಟ್ಟಿದ್ದು ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ. ಯುರೋಪಿನ ಹಲವು ಸರ್ಕಾರಗಳ ಹಣದಿಂದ ನಡೆಯುವ ಸಂಸ್ಥೆ ಅದು. ೧೯೯೩ರ ಏಪ್ರಿಲ್ ೩೦ರಂದು ಅದು ಈ ವೆಬ್ಬನ್ನು ಯಾರೂ ಕಾಸು ಕೊಡದೆ ಬಳಸುವಂತೆ ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟಿತು. ಇಂದು ಹೊಸಬರು ಬಹಳವಾಗಿ ಕಲಿಯುವ ಪೈಥಾನ್ ಭಾಷೆಯನ್ನು ಹಾಲೆಂಡಿನ ಗೀಡೊ ವಾನ್ ರಾಸಮ್ ೧೯೯೧ರಲ್ಲಿ ಹೊರತಂದ. ಅದೂ ಉಚಿತ, ಅದನ್ನು ಕಟ್ಟಿ ಬೆಳೆಸುತ್ತಿರುವವರೇ ಬರೆದಿಟ್ಟ ಪಾಠವೂ ಉಚಿತ. ನಮ್ಮ ದೇಶದಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ೨೦೦೩ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಇದೆ, ೨೦೧೭ರಲ್ಲಿ ಕೇಂದ್ರ ಸರ್ಕಾರ ತೆರೆದ ‘ಸ್ವಯಂ’ ಇದೆ. ಪಾಠ ಕೇಳಲು ಹಣವಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಮುಂಬಯಿಯ ಐ.ಐ.ಟಿ. ರೂಪಿಸಿದ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡದ ದನಿಯಲ್ಲೂ ಸಿಗುತ್ತವೆ.

ಹಾಗಾದರೆ ಆ ಬಣ್ಣದ ಕರಪತ್ರದವರು ಮಾರುತ್ತಿರುವುದೇನು? ಬಿಟ್ಟಿಯಾಗಿ ಸಿಗುವ ಪಾಠವನ್ನಲ್ಲ, ಹೊಸಬನ ಅಂಜಿಕೆಯನ್ನು. ಎದುರಿಗೆ ಸಾವಿರ ಪಾಠಗಳು ಬಿದ್ದಿವೆ, ಯಾವುದು ಸಾಚಾ ಯಾವುದು ಖೊಟ್ಟಿ ಅವನಿಗೆ ತಿಳಿಯದು. ಗುರುವನ್ನು ಅಳೆಯಬೇಕಾದರೆ ವಿದ್ಯೆ ಗೊತ್ತಿರಬೇಕು. ವಿದ್ಯೆ ಗೊತ್ತಾಗಬೇಕಾದರೆ ಗುರು ಬೇಕು. ಈ ಗಂಟಿನೊಳಗೆ ಸಿಕ್ಕಿಬಿದ್ದವನಿಗೆ ಯಾರು ದೊಡ್ಡ ದನಿಯಲ್ಲಿ ‘ನನ್ನನ್ನು ನಂಬು’ ಎನ್ನುವನೋ ಅವನೇ ಗುರುವಾಗಿ ಕಾಣುತ್ತಾನೆ.

ನಮ್ಮ ವರ್ತಕ ಮಿತ್ರರು ಈ ಗಂಟನ್ನು ಬೇರೊಂದು ಕಡೆ ಕಂಡಿದ್ದಾರೆ. ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದ ಕಾಲದಲ್ಲಿ ಕೊಳ್ಳುವವನಿಗೆ ತೂಕ ಸರಿಯೋ ತಪ್ಪೋ ತಿಳಿಯುವ ದಾರಿ ಇರಲಿಲ್ಲ. ೧೯೫೬ರಲ್ಲಿ ತೂಕ ಅಳತೆಗಳ ಕಾಯಿದೆ ಬಂದು ದೇಶಕ್ಕೆಲ್ಲ ಒಂದೇ ಕಿಲೋಗ್ರಾಮ್, ಒಂದೇ ಮೀಟರ್ ಆಯಿತು. ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಬಿತ್ತು. ಅದರಿಂದ ಮೋಸ ಪೂರ್ತಿ ನಿಂತಿತೆಂದು ಹೇಳಲಾರೆವು. ಆದರೆ ಅಂಗಡಿಯವನ ಮುಖ ನೋಡಿ ನಂಬುವ ಬದಲು ಬಟ್ಟಿಯ ಮೇಲಿನ ಮುದ್ರೆ ನೋಡಿ ನಂಬುವ ಹಕ್ಕು ಬಡವನಿಗೆ ಬಂತು. ಮೊಬೈಲಿನ ಪಾಠಕ್ಕೆ ಅಂಥ ಮುದ್ರೆ ಇಲ್ಲ. ಆದುದರಿಂದ ಕಲಿಯುವವನೇ ತಕ್ಕಡಿ ಹಿಡಿಯಬೇಕಾಗಿದೆ. ಹಿಡಿಯುವುದು ಹೇಗೆಂದು ತಿಳಿಯಲು, ತೂಕ ತಪ್ಪುವುದು ಎಲ್ಲೆಲ್ಲಿ ಎಂಬುದನ್ನು ಮೊದಲು ನೋಡಬೇಕು.

ಮೊದಲನೆಯದು, ಹಳಸಿದ ಪಾಠ. ಪೈಥಾನಿನ ಎರಡನೆಯ ಆವೃತ್ತಿಯಲ್ಲಿ ಪರದೆಯ ಮೇಲೆ ಏನನ್ನಾದರೂ ತೋರಿಸಲು ‘ಪ್ರಿಂಟ್’ ಎಂದು ಬರೆದು ಮುಂದೆ ಮಾತನ್ನು ಇಟ್ಟರೆ ಸಾಕಿತ್ತು. ೨೦೦೮ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಆ ಮಾತನ್ನು ಆವರಣ ಚಿಹ್ನೆಯೊಳಗೆ ಇಡಬೇಕು. ಎರಡನೆಯ ಆವೃತ್ತಿಯ ಪೋಷಣೆಯನ್ನು ೨೦೨೦ರ ಜನವರಿ ೧ಕ್ಕೆ ನಿಲ್ಲಿಸಿಬಿಟ್ಟರು. ಆದರೆ ಹಳೆಯ ಪಾಠಗಳು ಇಂಟರ್‌ನೆಟ್ಟಿನಿಂದ ಅಳಿದುಹೋಗಲಿಲ್ಲ. ಹುಡುಗನೊಬ್ಬ ಹತ್ತು ವರ್ಷದ ಹಿಂದಿನ ಪಾಠ ನೋಡಿ, ಅದರಲ್ಲಿದ್ದಂತೆಯೇ ಅಕ್ಷರ ಬಿಡದೆ ಬರೆದು, ಯಂತ್ರ ‘ತಪ್ಪು’ ಎಂದಾಗ ತನ್ನ ತಲೆಯನ್ನೇ ಹಳಿದುಕೊಳ್ಳುತ್ತಾನೆ. ‘ನನಗೆ ಈ ವಿದ್ಯೆ ಹತ್ತುವುದಿಲ್ಲ’ ಎಂದು ಪುಸ್ತಕ ಮುಚ್ಚುತ್ತಾನೆ. ದಡ್ಡತನ ಅವನದಲ್ಲ, ಪಾಠದ ವಾಯಿದೆ ಮುಗಿದಿತ್ತು, ಅಷ್ಟೆ. ಔಷಧಿ ಸೀಸೆಯ ಮೇಲೆ ತಾರೀಖು ನೋಡುವ ನಾವು ಪಾಠದ ಮೇಲೆ ತಾರೀಖು ನೋಡುವುದಿಲ್ಲ.

ಹಳಸಿದ ಪಾಠದಿಂದ ಬರಿಯ ಬೇಸರವಲ್ಲ, ನಷ್ಟವೂ ಉಂಟು. ಅಂಗಡಿಯ ಲೆಕ್ಕವನ್ನು ವೆಬ್‌ಸೈಟಿಗೆ ಜೋಡಿಸಲು ಪಿ.ಎಚ್.ಪಿ. ಎಂಬ ಭಾಷೆಯನ್ನು ಬಹಳ ಕಡೆ ಬಳಸುತ್ತಾರೆ. ಅದರಲ್ಲಿ ದತ್ತಾಂಶದ ಕಣಜವನ್ನು ಮಾತನಾಡಿಸುವ ಹಳೆಯ ಬಗೆಯೊಂದನ್ನು ೨೦೧೩ರಲ್ಲಿ ‘ಇನ್ನು ಬಳಸಬೇಡಿ’ ಎಂದು ಸಾರಿ, ೨೦೧೫ರ ಕೊನೆಗೆ ಬಂದ ಏಳನೆಯ ಆವೃತ್ತಿಯಲ್ಲಿ ತೆಗೆದೇಹಾಕಿದರು. ಆ ಹಳೆಯ ಬಗೆಯನ್ನು ಕಲಿಸುತ್ತಿದ್ದ ಎಷ್ಟೋ ಪಾಠಗಳು, ಗಿರಾಕಿ ತುಂಬಿದ ಹೆಸರನ್ನೋ ಸಂಖ್ಯೆಯನ್ನೋ ಸೋಸದೆ ನೇರವಾಗಿ ಅಪ್ಪಣೆಯೊಳಗೆ ಸೇರಿಸುವುದನ್ನೇ ಹೇಳಿಕೊಟ್ಟವು. ಕಳ್ಳನು ಹೆಸರಿನ ಜಾಗದಲ್ಲಿ ಅಪ್ಪಣೆಯೊಂದನ್ನು ಬರೆದರೆ ಯಂತ್ರ ಅದನ್ನೇ ಪಾಲಿಸಿ ಖಾತೆ ಪುಸ್ತಕವನ್ನು ಅವನ ಮುಂದೆ ಬಿಚ್ಚಿಡುತ್ತದೆ. ಕಲಿತ ಹುಡುಗ ಪ್ರಾಮಾಣಿಕ, ಕೆಲಸ ಕೊಟ್ಟ ವರ್ತಕ ಪ್ರಾಮಾಣಿಕ. ಅಂಗಡಿಗೆ ಮಾತ್ರ ಕನ್ನ.

ಎರಡನೆಯದು, ಹೆಸರನ್ನು ನೋಡಿ ಮೋಸಹೋಗುವುದು. ವೆಬ್ಬಿನ ನಿಯಮಗಳನ್ನು ಗೊತ್ತುಮಾಡುವ ಸಂಘವೊಂದು ೧೯೯೪ರಿಂದ ಇದೆ. ಡಬ್ಲ್ಯು-ಥ್ರೀ-ಸಿ ಎಂದು ಅದರ ಹೆಸರು. ನಾರ್ವೆಯ ಕಂಪನಿಯೊಂದು ೧೯೯೮ರಿಂದ ಡಬ್ಲ್ಯು-ಥ್ರೀ-ಸ್ಕೂಲ್ಸ್ ಎಂಬ ಹೆಸರಿನಲ್ಲಿ ಪಾಠಗಳನ್ನು ಕೊಡುತ್ತಿದೆ. ಎರಡಕ್ಕೂ ಸಂಬಂಧವಿಲ್ಲ, ಆದರೆ ಹೆಸರು ಕೇಳಿ, ಇದು ಆ ಸಂಘದ್ದೇ ಶಾಲೆ ಎಂದುಕೊಂಡವರು ಅನೇಕರು. ಹುಡುಕಿದರೆ ಮೊದಲು ಸಿಗುತ್ತಿದ್ದುದೂ ಅದೇ. ೨೦೧೧ರಲ್ಲಿ ಕೆಲವು ಅನುಭವಿಗಳು ಅದರ ತಪ್ಪುಗಳನ್ನೆಲ್ಲ ಪಟ್ಟಿಮಾಡಿ ಬಹಿರಂಗವಾಗಿ ಪ್ರಕಟಿಸಿದರು. ಆಮೇಲೆ ನಡೆದದ್ದನ್ನು ನೋಡಿ: ಆ ಶಾಲೆಯವರು ಬಹಳಷ್ಟು ತಪ್ಪುಗಳನ್ನು ತಿದ್ದಿಕೊಂಡರು, ಟೀಕಿಸಿದವರೂ ಅದನ್ನು ಒಪ್ಪಿ ತಮ್ಮ ಮಾತನ್ನು ಮೆದುಮಾಡಿದರು. ಹೆಸರು ದೊಡ್ಡದಾಗಿದ್ದರೆ, ಹುಡುಕಿದಾಗ ಮೊದಲಿಗೆ ಬಂದರೆ, ಅದೇ ಸತ್ಯವೆಂದು ತಿಳಿಯಬಾರದೆಂಬುದು ಇಲ್ಲಿಯ ಒಂದು ಪಾಠ. ಬಲ್ಲವರು ಬಾಯಿಬಿಟ್ಟು ಹೇಳಿದರೆ ತಪ್ಪು ತಿದ್ದುತ್ತದೆಂಬುದು ಇನ್ನೊಂದು.

ಮೂರನೆಯದು, ಜಾಹೀರಾತಿನ ಮೋಸ. ೨೦೨೦ರಲ್ಲಿ, ಮಕ್ಕಳಿಗೆ ಕೋಡಿಂಗ್ ಕಲಿಸುವ ಒಂದು ದೊಡ್ಡ ಕಂಪನಿ ಪುಟ್ಟ ಹುಡುಗನೊಬ್ಬನ ಹೆಸರು ಹೇಳಿ, ಅವನಿಗೆ ಕೋಟಿಗಟ್ಟಲೆ ಸಂಬಳದ ಕೆಲಸ ಸಿಕ್ಕಿತೆಂದು ಜಾಹೀರಾತು ಕೊಟ್ಟಿತು. ಅಂಥ ಹುಡುಗ ಇರಲೇ ಇಲ್ಲ, ಅವನೊಂದು ಕಲ್ಪನೆ. ಜಾಹೀರಾತುಗಳ ಗುಣಮಟ್ಟ ನೋಡುವ ಮಂಡಳಿ ಅದೇ ವರ್ಷ ಆ ಕಂಪನಿಯ ಐದು ಜಾಹೀರಾತುಗಳನ್ನು ಹಿಂದಕ್ಕೆ ಪಡೆಯುವಂತೆ ಹೇಳಬೇಕಾಯಿತು. ಆರು ವರ್ಷದ ಕೂಸು ಕೋಡಿಂಗ್ ಕಲಿಯದಿದ್ದರೆ ಬದುಕೇ ಮುಳುಗಿತೆಂದು ಬಡ ತಂದೆತಾಯಿಯರನ್ನು ಹೆದರಿಸಿ ಹಣ ಕೀಳುವುದು ವಿದ್ಯಾದಾನವಲ್ಲ; ಹೆದರಿಕೆಯ ವ್ಯಾಪಾರ.

ಇಷ್ಟೆಲ್ಲ ಕೇಳಿದ ಮೇಲೆ, ನೇರವಾಗಿ ಬಲ್ಲವರನ್ನೇ ಕೇಳಿದರಾಯಿತಲ್ಲ ಎಂದು ಓದುಗರು ಹೇಳಬಹುದು. ಅದೂ ನಡೆದಿದೆ. ೨೦೦೮ರಲ್ಲಿ ಅಮೆರಿಕದಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರದ ತಾಣ ಹುಟ್ಟಿತು. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು, ಬಲ್ಲವರು ಉತ್ತರಿಸುತ್ತಾರೆ, ಉತ್ತರ ಸರಿಯೆಂದು ಕಂಡವರು ಮತ ಹಾಕುತ್ತಾರೆ. ಕೂಲಿಯಿಲ್ಲದೆ, ಒಬ್ಬರಿಗೊಬ್ಬರು ನೆರವಾಗುವ ಮನಸ್ಸಿನಿಂದ, ಲಕ್ಷಾಂತರ ಜನ ಅಲ್ಲಿ ಉತ್ತರ ಬರೆದರು. ಅವರ ಶ್ರಮಕ್ಕೆ ನಮ್ಮ ಗೌರವವಿದೆ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು.

ಒಂದು, ಅಲ್ಲಿ ಹೊಸಬನಿಗೆ ಸಿಕ್ಕ ಸ್ವಾಗತ. ‘ಇದನ್ನು ಆಗಲೇ ಕೇಳಿದ್ದಾರೆ’, ‘ಮೊದಲು ಓದಿಕೊಂಡು ಬಾ’, ‘ಪ್ರಶ್ನೆ ಸ್ಪಷ್ಟವಾಗಿಲ್ಲ’ ಎಂದು ಬಾಗಿಲು ಮುಚ್ಚಿದ ನಿದರ್ಶನಗಳು ಎಷ್ಟೋ. ನಮ್ಮ ತಾಣ ಹೊಸಬರಿಗೆ ಆದರದ ಜಾಗವಾಗಿಲ್ಲವೆಂದು ೨೦೧೮ರ ಏಪ್ರಿಲಿನಲ್ಲಿ ಆ ಕಂಪನಿಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಇದನ್ನು ಕಂಡು ನಮಗೆ ಆಶ್ಚರ್ಯವಾಗಲಿಲ್ಲ. ಹೊಸದಾಗಿ ಸೇರಿದ ಹುಡುಗ ಎಳೆ ಕಡಿದುಕೊಂಡಾಗ ಗದರುವ ಹಳೆಯ ಮೇಸ್ತ್ರಿಗಳನ್ನು ಗಿರಣಿಯಲ್ಲಿ ಯಾರು ಕಂಡಿಲ್ಲ? ಇಪ್ಪತ್ತು ವರ್ಷ ಒಂದು ಕೆಲಸ ಮಾಡಿದವನಿಗೆ ತಾನು ಮೊದಲ ದಿನ ಏನನ್ನು ತಿಳಿಯದೆ ನಿಂತಿದ್ದೆ ಎಂಬುದು ಮರೆತುಹೋಗುತ್ತದೆ. ತಜ್ಞನ ದೊಡ್ಡ ಕೊರತೆ ಇದು. ಕೆಡುಕಿನಿಂದ ಬಂದದ್ದಲ್ಲ, ಮರೆವಿನಿಂದ ಬಂದದ್ದು. ಹಾಗೆಂದು ಹೊಸಬನ ಕಡೆ ತಪ್ಪಿಲ್ಲವೆಂದೂ ಹೇಳಲಾರೆವು. ತಾನು ಏನು ಮಾಡಿದೆ, ಯಂತ್ರ ಏನು ಹೇಳಿತು ಎಂಬುದನ್ನು ಬರೆಯದೆ ‘ನನ್ನದು ನಡೆಯುತ್ತಿಲ್ಲ, ಬೇಗ ಹೇಳಿ’ ಎಂದರೆ ಬಿಟ್ಟಿ ದುಡಿಯುವ ಬಲ್ಲವನಾದರೂ ಏನು ಮಾಡಿಯಾನು? ವೈದ್ಯರ ಹತ್ತಿರ ಹೋಗಿ ಎಲ್ಲಿ ನೋವೆಂದು ಹೇಳದೆ ಗುಳಿಗೆ ಕೇಳಿದಂತೆ.

ಎರಡನೆಯದು, ಬಲ್ಲವರ ಉತ್ತರವೆಂದು ಕಣ್ಣು ಮುಚ್ಚಿ ನಕಲು ಮಾಡುವುದರ ಫಲ. ೨೦೧೭ರಲ್ಲಿ ಜರ್ಮನಿಯ ಸಂಶೋಧಕರು ಆಂಡ್ರಾಯ್ಡ್ ಮೊಬೈಲಿನ ೧೩ ಲಕ್ಷ ಆ್ಯಪುಗಳನ್ನು ಪರಿಶೀಲಿಸಿದರು. ಭದ್ರತೆಗೆ ಸಂಬಂಧಪಟ್ಟ ಸಾಲುಗಳನ್ನು ಆ ತಾಣದಿಂದ ಎತ್ತಿಕೊಂಡಿದ್ದ ಆ್ಯಪುಗಳು ಶೇಕಡಾ ೧೫.೪, ಅವುಗಳಲ್ಲಿ ಶೇಕಡಾ ೯೭.೯ರಲ್ಲಿ ಒಂದಾದರೂ ಅಭದ್ರವಾದ ತುಣುಕಿತ್ತು. ಕಲಿಯುವವರಿಗೆ ಬರಿಯ ತೋರಿಕೆಗೆಂದು ಕೊಟ್ಟ ಉದಾಹರಣೆ ನಿಜವಾದ ಹಣದ ಪೆಟ್ಟಿಗೆಗೆ ಬೀಗವಾಗಿ ಹೋಗಿ ಕೂತಿತ್ತು. ಬಲ್ಲವನ ಉತ್ತರದ ಜೊತೆಗೆ ‘ಏಕೆ’ ಎಂಬುದೂ ನಮ್ಮ ಕೈಗೆ ಬಾರದಿದ್ದರೆ ನಾವು ಕಲಿತಂತಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಇರಲಾರೆವು. ಅಷ್ಟು ಜನ ಬಿಟ್ಟಿ ದುಡಿದು ಬೆಳೆಸಿದ ಆ ತಾಣವನ್ನು ೨೦೨೧ರಲ್ಲಿ ಹಾಲೆಂಡಿನ ಕಂಪನಿಯೊಂದು ೧೮೦ ಕೋಟಿ ಡಾಲರಿಗೆ ಕೊಂಡಿತು. ಉತ್ತರ ಬರೆದವರಿಗೆ ಅದರಲ್ಲಿ ಪಾಲಿಲ್ಲ. ಅವರು ಬರೆದದ್ದನ್ನು, ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಪರವಾನಗಿ ಇರುವುದೊಂದೇ ಸಮಾಧಾನ. ಜ್ಞಾನವನ್ನು ಹುಟ್ಟಿಸುವವರು ಹಲವರು, ಅದರ ಬಾಗಿಲಲ್ಲಿ ಕೂತು ಸುಂಕ ಎತ್ತುವವರು ಕೆಲವರು ಎಂಬ ಹಳೆಯ ಕಥೆ ಇಲ್ಲಿಯೂ ನಡೆಯಿತು.

ಈಗ ಮೂರನೆಯ ಬಗೆಯ ತಜ್ಞ ಬಂದಿದ್ದಾನೆ. ಮನುಷ್ಯನಲ್ಲ, ಯಂತ್ರ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಹೊರಬಂತು. ಇದು ಗದರುವುದಿಲ್ಲ, ‘ಓದಿಕೊಂಡು ಬಾ’ ಎನ್ನುವುದಿಲ್ಲ. ಮಧ್ಯರಾತ್ರಿ ಕೇಳಿದರೂ ಸೌಜನ್ಯದಿಂದ ಉತ್ತರಿಸುತ್ತದೆ. ಹೊಸಬನಿಗೆ ಇದೊಂದು ದೊಡ್ಡ ಉಪಕಾರವೆಂದೇ ನಾವು ಒಪ್ಪುತ್ತೇವೆ. ಆದರೆ ಮರು ತಿಂಗಳೇ ಸ್ಟ್ಯಾಕ್ ಓವರ್‌ಫ್ಲೋ ಅದರ ಉತ್ತರಗಳನ್ನು ತನ್ನಲ್ಲಿ ಹಾಕಕೂಡದೆಂದು ನಿಷೇಧಿಸಿತು; ಉತ್ತರಗಳು ನೋಡಲು ಚೆಂದ, ತಪ್ಪುಗಳು ಬಹಳ ಎಂಬುದೇ ಕಾರಣ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ೫೧೭ ಪ್ರಶ್ನೆಗಳನ್ನು ಅದಕ್ಕೆ ಕೇಳಿ ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ ೫೨ ಉತ್ತರಗಳಲ್ಲಿ ತಪ್ಪು ಮಾಹಿತಿ ಇತ್ತು. ಅದಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು, ಪರೀಕ್ಷೆಗೆ ಕೂತವರು ಆ ತಪ್ಪುಗಳನ್ನು ಶೇಕಡಾ ೩೯ ಸಲ ಗುರುತಿಸಲೇ ಇಲ್ಲ ಎಂಬುದು. ಅಂದಿನಿಂದ ಈ ಯಂತ್ರಗಳು ಸುಧಾರಿಸುತ್ತ ಬಂದಿವೆ. ಆದರೂ ನಯವಾದ ಮಾತೇ ಸತ್ಯದ ಗುರುತಲ್ಲವೆಂಬುದು ಪೇಟೆಯಲ್ಲಿ ಕೂತವರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ.

ಹಾಗಾದರೆ ನಂಬಬೇಕಾದ ತಜ್ಞನ ಗುರುತೇನು? ಡೊನಾಲ್ಡ್ ಕನೂತ್ ಎಂಬ ಅಮೆರಿಕದ ವಿದ್ವಾಂಸರ ಮಾತು ಇಲ್ಲಿ ನೆನಪಾಗುತ್ತದೆ. ಪ್ರೋಗ್ರಾಮಿಂಗ್ ವಿದ್ಯೆಯ ಮೇಲೆ ಅವರು ಬರೆದ ಮಹಾಗ್ರಂಥದ ಮೊದಲ ಸಂಪುಟ ೧೯೬೮ರಲ್ಲಿ ಬಂತು. ತಮ್ಮ ಪುಸ್ತಕದಲ್ಲಿ ತಪ್ಪು ತೋರಿಸಿಕೊಟ್ಟವರಿಗೆ ಅವರು ೨ ಡಾಲರ್ ೫೬ ಸೆಂಟಿನ ಚೆಕ್ಕು ಕಳುಹಿಸುತ್ತಿದ್ದರು. ಬಹಳ ಜನ ಅದನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಿಕೊಂಡರು. ೨೦೦೮ರಿಂದೀಚೆಗೆ, ಬ್ಯಾಂಕಿನ ಮೋಸಗಾರರ ಕಾಟಕ್ಕೆ, ಚೆಕ್ಕಿನ ಬದಲು ಒಂದು ಪ್ರಮಾಣಪತ್ರ ಕೊಡುತ್ತ ಬಂದರು. ಮೊತ್ತ ಸಣ್ಣದು, ರೀತಿ ದೊಡ್ಡದು. ‘ನನ್ನಲ್ಲಿ ತಪ್ಪಿದ್ದೀತು, ತೋರಿಸಿ’ ಎನ್ನುವವನು ತಜ್ಞ. ‘ನನ್ನಲ್ಲಿ ತಪ್ಪೇ ಇಲ್ಲ, ಈಗಲೇ ಹಣ ಕಟ್ಟಿ’ ಎನ್ನುವವನು ದಲ್ಲಾಳಿ.

ಇನ್ನು ತಕ್ಕಡಿಯ ಮಾತು. ಬಲ್ಲವರಿಂದ ಕೇಳಿ ತಿಳಿದ ಐದು ಪರೀಕ್ಷೆಗಳನ್ನು ಇಲ್ಲಿ ಹೇಳುತ್ತೇವೆ. ಯಾವುದೇ ಪಾಠವಾಗಲಿ, ಮೊದಲು ತಾರೀಖನ್ನೂ ಯಾವ ಆವೃತ್ತಿಗೆ ಸೇರಿದ್ದೆಂಬುದನ್ನೂ ನೋಡಿ. ಎರಡೂ ಇಲ್ಲದಿದ್ದರೆ ಮುಂದಕ್ಕೆ ಹೋಗಿ. ಎರಡನೆಯದಾಗಿ, ಹೇಳುವವನು ಏನನ್ನು ಮಾರುತ್ತಿದ್ದಾನೆಂದು ನೋಡಿ. ಮಾರುವುದೇ ತಪ್ಪೆಂದಲ್ಲ, ಆದರೆ ಹೊಗಳಿಕೆಯಲ್ಲಿ ಅಷ್ಟು ತೂಕ ಕಳೆಯಿರಿ. ಮೂರನೆಯದಾಗಿ, ಅನುಮಾನ ಬಂದಾಗ ಆ ಭಾಷೆಯನ್ನು ಕಟ್ಟಿದವರೇ ಬರೆದ ಮೂಲ ಕೈಪಿಡಿಯನ್ನು ತೆರೆಯಿರಿ. ಮೊದಮೊದಲು ಒಣದಾಗಿ ಕಾಣುತ್ತದೆ, ಆದರೆ ಜಗಳ ಬಂದಾಗ ಮೂಲ ಪತ್ರವೇ ಸಾಕ್ಷಿ. ನಾಲ್ಕನೆಯದಾಗಿ, ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ನಕಲು ಮಾಡದ ಇಬ್ಬರಿಂದ ಕೇಳಿ. ಐದನೆಯದು ಎಲ್ಲಕ್ಕಿಂತ ದೊಡ್ಡದು: ನಿಮಗೆ ಮೊದಲೇ ಉತ್ತರ ಗೊತ್ತಿರುವ ಲೆಕ್ಕವನ್ನು ಯಂತ್ರದಿಂದ ಮಾಡಿಸಿ ನೋಡಿ.

ಈ ಐದನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಲೆ ಹೇಳಿದ ಗಂಟು ಬಿಚ್ಚುವುದು ಇಲ್ಲಿಯೇ. ಹೊಸಬನಿಗೆ ಪ್ರೋಗ್ರಾಮಿಂಗ್ ತಿಳಿಯದಿರಬಹುದು, ಆದರೆ ಅವನಿಗೆ ಏನೂ ತಿಳಿಯದೆಂದು ಯಾರು ಹೇಳಿದರು? ಗಿರಣಿಯವರಿಗೆ ತಮ್ಮ ಸಂಬಳದ ಚೀಟಿ ಗೊತ್ತು. ವರ್ತಕರಿಗೆ ಉದ್ರಿ ಪುಸ್ತಕ, ಬಡ್ಡಿ, ಜಿ.ಎಸ್.ಟಿ. ಗೊತ್ತು. ಅಡುಗೆಮನೆಯಲ್ಲಿರುವ ತಾಯಿಗೆ ತಿಂಗಳ ರೇಶನ್ನಿನ ಲೆಕ್ಕ ಗೊತ್ತು. ಆ ಗೊತ್ತಿರುವುದೇ ಮುದ್ರೆ ಬಿದ್ದ ತೂಕದ ಬಟ್ಟಿ. ಪಾಠದಿಂದ ಕಲಿತದ್ದನ್ನು ಆ ಲೆಕ್ಕಕ್ಕೆ ಹಚ್ಚಿ ನೋಡಿದರೆ ಸರಿ ಬಂತೋ ಇಲ್ಲವೋ ಮನೆಯವರೆಲ್ಲ ಹೇಳಬಲ್ಲರು. ಯಂತ್ರ ಯಾರ ಮುಲಾಜೂ ನೋಡುವುದಿಲ್ಲ. ತಜ್ಞ ಬರೆದರೂ ತಪ್ಪಿದ್ದರೆ ತಪ್ಪು ಉತ್ತರ, ಕೂಲಿಕಾರನ ಮಗ ಬರೆದರೂ ಸರಿಯಿದ್ದರೆ ಸರಿ ಉತ್ತರ. ಒಮ್ಮೆ ನಡೆಯಿತೆಂದ ಮಾತ್ರಕ್ಕೆ ಭದ್ರವೆಂದು ತಿಳಿಯಬಾರದು, ಇದೂ ನಿಜ. ಮೇಲೆ ಹೇಳಿದ ಕನ್ನದ ಕಥೆಯಲ್ಲಿ ಪ್ರೋಗ್ರಾಮ್ ಚೆನ್ನಾಗಿಯೇ ನಡೆಯುತ್ತಿತ್ತು. ಅದಕ್ಕಾಗಿಯೇ ಉಳಿದ ನಾಲ್ಕು ಪರೀಕ್ಷೆಗಳು.

ಇಂಗ್ಲಿಷಿನ ಅಂಜಿಕೆಯ ಬಗ್ಗೆಯೂ ಒಂದು ಮಾತು. ಪೈಥಾನ್ ಭಾಷೆ ತನಗಾಗಿ ಕಾಯ್ದಿರಿಸಿಕೊಂಡ ಪದಗಳು ೩೫ ಮಾತ್ರ. ಲೆಕ್ಕದ ಅಂಶಗಳಿಗೆ ‘ಸಂಬಳ’, ‘ಕಡಿತ’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟರೂ ಪೈಥಾನಿನ ಮೂರನೆಯ ಆವೃತ್ತಿ ಒಪ್ಪುತ್ತದೆ. ಹಾಗಾದರೆ ಅಡ್ಡಗೋಡೆ ಯಂತ್ರದಲ್ಲಿಲ್ಲ. ವಿವರಣೆ ಇಂಗ್ಲಿಷಿನಲ್ಲಿ ಮಾತ್ರ ಹೇರಳವಾಗಿರುವುದರಲ್ಲಿದೆ. ಕನ್ನಡದಲ್ಲಿ ಒಳ್ಳೆಯ ವಿವರಣೆ ಕಡಿಮೆಯಿದ್ದಷ್ಟೂ ದಲ್ಲಾಳಿಗೆ ಸುಗ್ಗಿ. ನಮ್ಮ ಊರುಗಳಿಂದ ಹೋಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಈ ಕೆಲಸದಲ್ಲಿರುವ ಕನ್ನಡಿಗರು ವಾರಕ್ಕೊಂದು ಗಂಟೆ ಕೊಟ್ಟು ಕನ್ನಡದಲ್ಲಿ ಬರೆದರೆ, ಬರೆದದ್ದಕ್ಕೆ ತಾರೀಖು ಹಾಕಿದರೆ, ತಪ್ಪು ತೋರಿಸಿದಾಗ ತಿದ್ದಿದರೆ, ತಾವು ಹತ್ತಿದ ಏಣಿಯನ್ನು ಹಿಂದೆ ಬರುವವರಿಗೆ ಬಿಟ್ಟಂತಾಗುತ್ತದೆ.

ಆದರೆ ಒಬ್ಬೊಬ್ಬರೇ ಜಾಣರಾಗಿರಿ ಎಂದು ಉಪದೇಶ ಮಾಡಿ ಕೈತೊಳೆದುಕೊಂಡರೆ ಸಾಲದು. ಒಂಟಿಯಾಗಿ ಮೊಬೈಲಿನ ಮುಂದೆ ಕೂತವನಿಗೆ ಮೋಸ ಸುಲಭ. ನಾಲ್ವರು ಕೂಡಿ ಕೂತ ಕಡೆ ಕಷ್ಟ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ, ನಾವು ಕಟ್ಟುವ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಆ ಹಣ ನಮ್ಮದು. ಪಾಳಿ ಮುಗಿಸಿ ಬಂದವರ ಮಕ್ಕಳು ಸಂಜೆ ಕೂತು ಕಲಿಯಲು ಗ್ರಂಥಾಲಯದಲ್ಲಿ ನಾಲ್ಕಾರು ಕಂಪ್ಯೂಟರುಗಳು, ರಾತ್ರಿ ಒಂಬತ್ತರ ತನಕ ತೆರೆದ ಬಾಗಿಲು, ವಾರಕ್ಕೊಮ್ಮೆ ಬಲ್ಲವರೊಬ್ಬರ ಭೇಟಿ, ಇವನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘವೂ ಕೂಡಿ ಈ ಬೇಡಿಕೆಯನ್ನು ನಗರಸಭೆಯ ಮುಂದೆ ಇಡಬೇಕೆಂದು ನಾವು ಸೂಚಿಸುತ್ತೇವೆ.

ಕಾಯಿದೆಯ ನೆರವೂ ಸ್ವಲ್ಪ ಉಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ೨೦೨೪ರ ನವೆಂಬರಿನಲ್ಲಿ ಕೋಚಿಂಗ್ ಕೇಂದ್ರಗಳ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಶುಲ್ಕ, ಹಣ ವಾಪಸು ಕೊಡುವ ಕ್ರಮ, ಕಲಿಸುವವರ ಅರ್ಹತೆ, ನೌಕರಿಯ ಭರವಸೆ, ಇವುಗಳ ಬಗ್ಗೆ ಸುಳ್ಳು ಹೇಳಕೂಡದೆಂದು ಅದು ಕಟ್ಟುಮಾಡುತ್ತದೆ. ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ೧೯೧೫ ಸಂಖ್ಯೆಯಲ್ಲಿ ದೂರು ಹೇಳಬಹುದು. ಹಣ ಕಟ್ಟುವ ಮುನ್ನ ‘ನೌಕರಿ ಖಾತರಿ’ ಎಂಬ ಮಾತನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿ ನೋಡಿ. ಹಣ ವಾಪಸಿನ ಷರತ್ತನ್ನು ಬರೆದುಕೊಡಿ ಎನ್ನಿ. ಅಲ್ಲಿಗೇ ಅರ್ಧ ದಲ್ಲಾಳಿಗಳ ಬಾಯಿ ಕಟ್ಟುತ್ತದೆ.

ಕಡೆಯದಾಗಿ, ನಮ್ಮಲ್ಲಿಗೆ ಬಂದ ಆ ಕಾರ್ಮಿಕರ ಮಾತು. ಅವರ ಮಗನನ್ನು ಮರುದಿನ ಕರೆಸಿದೆವು. ಈ ಕೆಲಸ ಬಲ್ಲ ಯುವಕರೊಬ್ಬರು ಅವನ ಮುಂದೆ ತಂದೆಯ ಸಂಬಳದ ಚೀಟಿಯನ್ನಿಟ್ಟು, ‘ತಮ್ಮಾ, ಈ ಲೆಕ್ಕವನ್ನು ಯಂತ್ರದಿಂದ ಮಾಡಿಸು’ ಎಂದರು. ನಾಲ್ಕು ತಿಂಗಳು ಪಾಠ ನೋಡಿದ ಹುಡುಗನಿಗೆ ಖಾ��ಿ ಪುಟದ ಮೇಲೆ ಮೊದಲ ಸಾಲು ಬರೆಯಲು ಬರಲಿಲ್ಲ. ತಲೆ ತಗ್ಗಿಸಿ ಕೂತ. ‘ನೀನು ನೋಡಿದ್ದೀಯೆ, ಮಾಡಿಲ್ಲ. ಈಗ ಮಾಡೋಣ’ ಎಂದು ಅವರು ಪೈಥಾನಿನ ಮೂಲ ಪಾಠವನ್ನು ತೆರೆದು ಪಕ್ಕದಲ್ಲಿ ಕೂತರು. ಎರಡನೆಯ ಸಂಜೆ ಪ್ರೋಗ್ರಾಮ್ ನಡೆಯಿತು, ಆದರೆ ಉತ್ತರ ಚೀಟಿಗಿಂತ ಹೆಚ್ಚು ಬಂತು. ತಂದೆ ಇಣುಕಿ ನೋಡಿ, ‘ಪಿ.ಎಫ್. ಕಡಿದಿಲ್ಲವಲ್ಲೋ’ ಎಂದರು. ಹುಡುಗ ನಕ್ಕು ಆ ಸಾಲನ್ನು ಸೇರಿಸಿದ. ಪ್ರೋಗ್ರಾಮಿಂಗಿನ ಒಂದಕ್ಷರ ತಿಳಿಯದ ತಂದೆ ಆ ಸಂಜೆ ಪರೀಕ್ಷಕರಾಗಿದ್ದರು.

ಸರ ಇನ್ನೂ ಒತ್ತೆಯಲ್ಲೇ ಇದೆ. ಕಂತು ನಿಂತಿಲ್ಲ. ಹಣ ವಾಪಸು ಕೇಳಿ ಬರೆದ ಪತ್ರಕ್ಕೆ ಇದನ್ನು ಬರೆಯುವ ತನಕ ಉತ್ತರ ಬಂದಿಲ್ಲ. ಬಾರದಿದ್ದರೆ ಗ್ರಾಹಕ ಆಯೋಗದ ತನಕ ನಾವು ಅವರ ಜೊತೆಗಿರುತ್ತೇವೆ. ಅಲ್ಲಿಯ ತನಕ ಪ್ರತಿ ಶನಿವಾರ ಸಂಜೆ ಆರರಿಂದ ನಮ್ಮ ಕಚೇರಿಯ ಒಳಕೋಣೆಯಲ್ಲಿ ಆ ಯುವಕರು ಕೂರಲು ಒಪ್ಪಿದ್ದಾರೆ. ಮಕ್ಕಳನ್ನು ಕಳುಹಿಸಿ. ಬರುವಾಗ ಕೈಯಲ್ಲಿ ಸಂಬಳದ ಚೀಟಿಯನ್ನೋ ಅಂಗಡಿಯ ಉದ್ರಿ ಪುಸ್ತಕವನ್ನೋ ಕೊಟ್ಟು ಕಳುಹಿಸಿ.